ಚಂದ್ರಭಾಗೆಯ ನೀರು

ನನ್ನ ಹೆಂಡತಿ ಆನಂದೀಬಾಯಿ ತೀರಿಕೊಂಡ ಸುದ್ದಿ ಬಬಲೇಶ್ವರಕ್ಕೆ ಬಂದಾಗ ನಾನು ಪೂಜೆಗೆ ಕುಳಿತಿದ್ದೆ. ಮಗ ಶಿವಾನಂದ ವಿಜಯಪುರದ ಆಸ್ಪತ್ರೆಯಿಂದ ಫೋನು ಮಾಡಿದ್ದ. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: "ತೀರ್ಥ ಹಾಕಿದ್ರೇನು?"

ಪಂಢರಪುರದಿಂದ ತಂದ ಚಂದ್ರಭಾಗೆಯ ನೀರನ್ನು ಕಡೆಗಾಲದಲ್ಲಿ ಬಾಯಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಐಸಿಯು ಒಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಮಗ ಆ ನೀರನ್ನು ನರ್ಸಿನ ಕೈಗೆ ಕೊಟ್ಟಿದ್ದ.

"ಹಾಕ್ಯಾರ ಯಪ್ಪಾ, ನರ್ಸಬಾಯಾರ ಹಾಕ್ಯಾರ," ಎಂದ.

ದಿನಕರ್ಮಗಳು ಮುಗಿದವು. ನೀರು ಗಂಟಲಿಗಿಳಿದಾಗ ಅವಳ ಮುಖ ಹೇಗಿತ್ತು, ಕಣ್ಣು ತೆರೆದಳೇ, ವಿಠ್ಠಲ ಅಂದಳೇ? ಇದನ್ನೆಲ್ಲ ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ನರ್ಸಿನ ಹೆಸರು ಆಮ್ರಪಾಲಿ, ಮನೆ ತಿಕೋಟಾದಲ್ಲಿ ಎಂದು ಗೊತ್ತಾಯಿತು. ಹೋಗುವುದು ಬೇಡವೆಂದ ಮಗ, ಕೊನೆಗೆ ತಾನೂ ಬಂದ.

ಆಮ್ರಪಾಲಿ ಚಹಾ ಕೊಟ್ಟಳು.

"ನಮ್ಮಾಕಿ ತೀರ್ಥ ಹೆಂಗ ಕುಡದಳವಾ?" ಎಂದು ಕೇಳಿದೆ.

ಅವಳು ಶಿವಾನಂದನ ಕಡೆ ನೋಡಿದಳು. ಅವನು 'ಹೌದು' ಅನ್ನು ಎಂಬಂತೆ ಕಣ್ಸನ್ನೆ ಮಾಡುತ್ತಿದ್ದುದು ನನಗೂ ಕಂಡಿತು.

"ನಾ ಹಾಕಲಿಲ್ಲರಿ ಅಜ್ಜಾರ. ಅವರಿಗೆ ನುಂಗಾಕ ಬರ್ತಿರಲಿಲ್ಲ, ಹಾಕಿದ್ರ ನೀರು ಪುಪ್ಪುಸಕ್ಕ ಇಳೀತಿತ್ತು. ಅವತ್ತ ನಿಮ್ಮ ಮಗಗ ಹೇಳೇನಿ."

"ಒಂದ ಸಲ ಹೂಂ ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ತರಿ ಸಿಸ್ಟರ್?" ಮಗ ಸಿಡಿದ.

"ಅಲ್ಲಿ ಇದ್ದಾಕಿ ನಾ ಒಬ್ಬಾಕೀನರಿ. ನಾನ ಸುಳ್ಳ ಹೇಳಿದ್ರ ಅಜ್ಜಾರು ಮತ್ಯಾರನ್ನ ಕೇಳಬೇಕು?"

ಎದ್ದು ಹೋಗಬೇಕೆನಿಸಿತು. ಆದರೂ ಕೇಳದಿರಲಾಗಲಿಲ್ಲ.

"ನೀರು ಬೇಡಿದಳೇನು?"

"ಬೇಡಿದ್ರು. ಹತ್ತಿ ಒದ್ದಿ ಮಾಡಿ ತುಟಿಗೆ ಹಚ್ಚಿದೆ. ವಾರ್ಡಿನ ನೀರರಿ ಅದು, ತೀರ್ಥ ಅಲ್ಲ. ಮಾತು ತೊದಲತಿತ್ತು, ಆದ್ರ ಬೈಗುಳ ಚೊಲೋ ತಿಳೀತಿತ್ತು. 'ನಿನ್ನ ಗಂಡಗೂ ಹಿಂಗ ಹನಿ ಹನಿ ಕೊಡ್ತೀಯೇನ ಬೇ' ಅಂದ್ರು. ಇನ್ನೂ ಲಗ್ನ ಆಗಿಲ್ಲರಿ ಅಂದೆ. 'ಆಗೂದೂ ಇಲ್ಲ ತಗೋ' ಅಂದ್ರು."

ನಾನು ನಕ್ಕೆ, ಅಳುತ್ತಲೇ ನಕ್ಕೆ. ಅವಳು ನನ್ನ ಆನಂದೀಬಾಯಿಯೇ.

"ನೋವಿತ್ತೇನವಾ?"

"ಮದಲ ಭಾಳ ಇತ್ತರಿ. ಕಡೀಕ ಇರಲಿಲ್ಲ. ನನ್ನ ಕೈ ಹಿಡಕೊಂಡಿದ್ರು."

ನಂಬಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ಪಾಂಡುರಂಗಾ, ಬಾಯಾರಿದವಳು ನಿನ್ನ ಬಾಗಿಲಿಗೆ ಬಂದಿದ್ದಾಳೆ. ನೀನೇ ನೀರು ಕೊಡು, ಹೊಟ್ಟೆ ತುಂಬ ಕೊಡು. ಬೈದರೆ ಬೈಸಿಕೋ ತಂದೆ. ಅವಳ ಜೀವಕ್ಕೆ ನೆಮ್ಮದಿ ಕೊಡು.