ಮರಿಪಡ್ಡಿನ ಹಂಚು

ನಾನು ಒಂದು ಪಡ್ಡಿನ ಹಂಚು. ಎರಕದ ಕಬ್ಬಿಣದ ಮೈ, ಮೈಮೇಲೆ ಒಂಬತ್ತು ಕುಳಿ, ಎರಡು ಬದಿಗೆ ಎರಡು ಹಿಡಿಕೆ. ಹಿಡಿಕೆಗೆ ನಮ್ಮ ಕಡೆ ಕಿವಿ ಅಂತಲೂ ಅನ್ನುತ್ತಾರೆ. ಅಡುಗೆಮನೆಯಲ್ಲಿ ಕೂತು ನಾನು ಕೇಳಿಸಿಕೊಂಡ ಮಾತುಗಳನ್ನು ನೆನೆದರೆ ಹಾಗೆ ಕರೆದವರು ಸುಮ್ಮನೆ ಕರೆದಿಲ್ಲ ಅನ್ನಿಸುತ್ತದೆ.

ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಅಲ್ಲಿ ನೀರೆತ್ತುವ ಪಂಪಿನ ಭಾಗಗಳನ್ನು ಮಾಡುತ್ತಿದ್ದರು. ಸಂಜೆ ಕರಗಿದ ಕಬ್ಬಿಣ ಒಂದಿಷ್ಟು ಉಳಿದರೆ ಅದನ್ನು ದಂಡ ಮಾಡಲು ಮನಸ್ಸಾಗದೆ ಎರಕದವನು ಮರಳಿನ ಅಚ್ಚಿಗೆ ಹೊಯ್ದು ಹಂಚು ಮಾಡುತ್ತಿದ್ದ. ನನ್ನ ಅಚ್ಚು ಒತ್ತುವ ಹೊತ್ತಿಗೆ ಸರಿಯಾಗಿ ಯಾರೋ ಚಹಾ ಬಂತು ಅಂತ ಕೂಗಿದರು. ಅವನು ಅವಸರ ಮಾಡಿದ. ಅದಕ್ಕೇ ನನ್ನ ಒಂದು ಕುಳಿ, ಬಲಗಡೆ ಹಿಡಿಕೆಯ ಪಕ್ಕದ್ದು, ಉಳಿದವುಗಳ ಅರ್ಧದಷ್ಟೂ ಆಳವಿಲ್ಲ.

ಆ ಊನದಿಂದಲೇ ನನಗೆ ಮನೆಯಲ್ಲಿ ಒಂದು ಹೆಸರು ಬಂತು.

ನನ್ನನ್ನು ಕೊಂಡು ಗೋಣಿಚೀಲದಲ್ಲಿ ಸುತ್ತಿಕೊಂಡು ರಾಣೇಬೆನ್ನೂರಿಗೆ ತಂದವನು ನೀಲವ್ವನ ಗಂಡ. ನೀಲವ್ವ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದು ಕುಳಿ ಸಣ್ಣದೈತಲ್ರಿ, ನೋಡಿ ತರಬಾರ್ದ?" ಅಂದಳು. ಗಂಡ, "ಅದರಾಗ ಮರಿಪಡ್ಡು ಹಾಕು, ಹುಡುಗರು ತಿಂತಾವ" ಅಂದ. ಅವತ್ತಿನಿಂದ ನಾನು ಮರಿಪಡ್ಡಿನ ಹಂಚು.

ಹೊಸ ಕಬ್ಬಿಣ ಯಾರ ಮಾತೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಹಾಕಿದ ಹಿಟ್ಟನ್ನೆಲ್ಲ ಕಚ್ಚಿ ಹಿಡಿದೆ. ನೀಲವ್ವ ಕೆರೆದು ಕೋಳಿಗೆ ಹಾಕಿದಳೇ ಹೊರತು ಬೈಯಲಿಲ್ಲ. ದಿನಾ ಎಣ್ಣೆ ಸವರಿದಳು, ಉಳ್ಳಾಗಡ್ಡಿ ಹೋಳಿನಿಂದ ಕುಳಿಕುಳಿಗೂ ತಿಕ್ಕಿದಳು, ಸಣ್ಣ ಉರಿಯ ಮೇಲಿಟ್ಟು ಕಾಸಿದಳು. ಬರಬರುತ್ತ ನನ್ನ ಮೈ ಕಪ್ಪಾಯಿತು, ಕಪ್ಪು ನುಣುಪಾಯಿತು. ಆಮೇಲೆ ಕಡ್ಡಿ ತಾಗಿಸಿದರೆ ಸಾಕು, ಪಡ್ಡು ತಾನೇ ಮಗ್ಗಲು ತಿರುಗುತ್ತಿತ್ತು. ಇದಕ್ಕೆ ಪಳಗುವುದು ಅನ್ನುತ್ತಾರೆ. ಪಳಗಿದ ಹಂಚಿಗೆ ಸಾಬೂನು ಸೋಕಿಸಬಾರದು, ಅರಿವೆಯಿಂದ ಒರೆಸಿ ಇಡಬೇಕು. ನೀಲವ್ವನ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ನೋಡಿ ನೋಡಿ ಎಲ್ಲರಿಗೂ ಗೊತ್ತಿತ್ತು.

ಎಲ್ಲರಿಗೂ ಅಂದರೆ ಇಬ್ಬರು ಹೆಣ್ಣುಮಕ್ಕಳಿಗೆ. ದೊಡ್ಡವಳು ದಾನಮ್ಮ, ಸಣ್ಣವಳು ಕಸ್ತೂರಿ. ಮರಿಪಡ್ಡು ಎಲ್ಲಕ್ಕಿಂತ ಮೊದಲು ಕೆಂಪಾಗಿ ಮೇಲೇಳುತ್ತಿತ್ತು. ಇಬ್ಬರೂ ತಾಟು ಮುಂದೆ ಮಾಡುತ್ತಿದ್ದರು. ನೀಲವ್ವ ಪ್ರತಿಸಲ ಸಣ್ಣವಳ ತಾಟಿಗೇ ಹಾಕುತ್ತಿದ್ದಳು. "ನೀ ದೊಡ್ಡಾಕಿ ಅದೀಯಲ್ಲ, ದೊಡ್ಡದು ತಿನ್ನು." ದಾನಮ್ಮ ದೊಡ್ಡ ಪಡ್ಡನ್ನು ಚಟ್ನಿಯಲ್ಲಿ ಅದ್ದುತ್ತ, "ನನಗ ಅದು ಬೇಕಾಗೇ ಇಲ್ಲ" ಅನ್ನುತ್ತಿದ್ದಳು. ಮದುವೆಯಾಗಿ ಮುಂಬೈಗೆ ಹೋಗುವ ದಿನದ ಬೆಳಿಗ್ಗೆಯೂ ಅದೇ ಮಾತು ಅಂದಳು.

ದಾನಮ್ಮ ವರ್ಷಕ್ಕೊಮ್ಮೆ ತವರಿಗೆ ಬರುವಳು. ಕಸ್ತೂರಿಯನ್ನು ಊರಲ್ಲೇ, ಬೀಜದ ಅಂಗಡಿಯ ಫಕ್ಕೀರಪ್ಪನಿಗೆ ಕೊಟ್ಟರು. ಕೈಯಲ್ಲಿ ಕಸುವು ಕಡಿಮೆಯಾದ ಕಾಲಕ್ಕೆ ನೀಲವ್ವ ಒಂದು ಯುಗಾದಿಯಲ್ಲಿ ದಾನಮ್ಮನಿಗೆ, "ನನ್ನ ನಂತರ ಈ ಹಂಚು ನೀ ಒಯ್ಯವ್ವ" ಅಂದಳು. ಅದೇ ವರ್ಷ ದೀಪಾವಳಿಯಲ್ಲಿ ಕಸ್ತೂರಿಗೆ, "ಹಂಚು ನಿನಗ, ಮತ್ಯಾರಿಗೆ ಕೊಡ್ಲಿ" ಅಂದಳು. ಎರಡು ಸಲವೂ ನಾನು ಒಲೆಯ ಮೇಲೇ ಇದ್ದೆ. ಮರೆತು ಹೇಳಿದಳೋ, ಇಬ್ಬರ ಮನಸ್ಸೂ ನೋಯಬಾರದೆಂದು ಹೇಳಿದಳೋ, ನನಗೂ ತಿಳಿಯಲಿಲ್ಲ. ನೀಲವ್ವ ತೀರಿಕೊಂಡ ಮೇಲೆ ಹತ್ತಿರದ ಮನೆ ಅಂತ ನಾನು ಕಸ್ತೂರಿಯ ಅಡುಗೆಮನೆ ಸೇರಿದೆ. ದಾನಮ್ಮ ಹೊರಡುವಾಗ ಒಮ್ಮೆ ನನ್ನನ್ನು ಎತ್ತಿ, ಸಣ್ಣ ಕುಳಿಯ ಮೇಲೆ ಹೆಬ್ಬೆರಳು ಆಡಿಸಿ, ಇದ್ದಲ್ಲಿಯೇ ಇಟ್ಟಳು.

ಎರಡು ವರ್ಷದ ನಂತರ ಬೇಸಿಗೆ ರಜೆಯಲ್ಲಿ ಕಸ್ತೂರಿ, ಫಕ್ಕೀರಪ್ಪ, ಮಗಳು ಅಂಬಿಕಾ ಮುಂಬೈಗೆ ಹೊರಟರು. ಅಂಬಿಕಾಳಿಗೆ ಸಮುದ್ರ ನೋಡಬೇಕಿತ್ತು. ಕಸ್ತೂರಿಗೆ ಅಕ್ಕನ ಕೈಗೆ ಅವ್ವನ ಹಂಚಿನ ಪಡ್ಡು ಕೊಡಬೇಕಿತ್ತು. ಕೊಟ್ಟು, ಹಂಚನ್ನು ತಿರುಗಿ ತರಬೇಕಿತ್ತು.

"ಮುಂಬೈಯಾಗ ಕಬ್ಬಿಣ ಸಿಗಂಗಿಲ್ಲೇನ?" ಚೀಲ ಎತ್ತಿದ ಫಕ್ಕೀರಪ್ಪ ಕೇಳಿದ.

"ಸಿಗತೈತಿ. ಅವ್ವ ಸಿಗಂಗಿಲ್ಲ. ಸುಮ್ನ ಹೊರ್ರಿ."

ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು, ಕಲ್ಯಾಣದಲ್ಲಿ ಇಳಿದೆವು, ಲೋಕಲ್ ಹಿಡಿದೆವು. ಅಲ್ಲಿ ಫಕ್ಕೀರಪ್ಪ ನನ್ನ ಚೀಲವನ್ನು ಎದೆಗೆ ಅವುಚಿಕೊಂಡು ನಿಂತ. ಗರ್ದಿಯಲ್ಲಿ ಯಾರ್ಯಾರೋ ನನಗೆ ಒರಗಿ ಮೊಣಕೈ ನೋಯಿಸಿಕೊಂಡು ಅವನನ್ನೇ ದಿಟ್ಟಿಸಿದರು. ಡೊಂಬಿವಲಿಯಲ್ಲಿ ದಾನಮ್ಮನ ಮನೆ. ಗಂಡ ತೀರಿಕೊಂಡಿದ್ದ, ಮಗ ಬಸವರಾಜ ಮತ್ತು ಸೊಸೆ ಪ್ರಾಜಕ್ತಾ ಜೊತೆಗಿದ್ದರು. ಪ್ರಾಜಕ್ತಾ ಮರಾಠಿ ಮನೆಯ ಹುಡುಗಿ. ಅತ್ತೆಯ ಜೊತೆ ಇದ್ದು ಒಂದಿಷ್ಟು ಕನ್ನಡ ಕಲಿತಿದ್ದಳು, ಉಳಿದದ್ದನ್ನು ನಗುವಿನಲ್ಲಿ ತುಂಬಿಸುತ್ತಿದ್ದಳು.

ಕಸ್ತೂರಿ ಟವೆಲ್ಲು ಬಿಚ್ಚಿ ನನ್ನನ್ನು ಹೊರತೆಗೆದಳು. ದಾನಮ್ಮನ ಮುಖ ಅರಳಿತು.

"ತಂದ್ಯಾ, ನನ್ನವ್ವ. ನಾ ಕೇಳಬಾರ್ದು ಅಂತ ಎರಡು ವರ್ಷ ಬಾಯಿ ಬಿಗಿ ಹಿಡದಿದ್ನಿ. ಅವ್ವ ನನಗ ಹೇಳಿದ್ಲು, ಹಂಚು ನೀ ಒಯ್ಯಿ ಅಂತ. ನಿನಗೂ ಗೊತ್ತಿತ್ತಲ್ಲ."

ಕಸ್ತೂರಿಯ ಕೈ ನನ್ನ ಹಿಡಿಕೆಯ ಮೇಲೆಯೇ ಇತ್ತು. ಅದು ಬಿಗಿಯಾದದ್ದು ನನಗೆ ಮಾತ್ರ ತಿಳಿಯಿತು. "ಹೂಂ, ಯಕ್ಕಾ" ಅಂದಳು. ಅಷ್ಟೇ ಅಂದಳು. ನಾನು ಯಾರ ಮನೆಯಲ್ಲಿ ಮುಪ್ಪಾಗಬೇಕು ಎಂಬ ಮಾತು ಆ 'ಹೂಂ'ನಲ್ಲಿ ಸಿಕ್ಕಿಕೊಂಡಿತು.

ಮರುದಿನ ಅವರೆಲ್ಲ ಚೌಪಾಟಿಗೆ ಹೋದರು. ನಾನು ಸಮುದ್ರ ನೋಡಿಲ್ಲ. ಸಂಜೆ ಅವರ ಚಪ್ಪಲಿಗಳಿಂದ ಉದುರಿದ ಮರಳು ನೋಡಿದೆ, ಮಾತು ಕೇಳಿದೆ. ಅಂಬಿಕಾ, "ದೊಡ್ಡವ್ವ, ಅಷ್ಟು ನೀರು ಇಟ್ಕೊಂಡು ನಿಮ್ಮ ನಳದಾಗ ಯಾಕ ಇಷ್ಟು ಸಣ್ಣಗೆ ಬರ್ತೈತಿ?" ಅಂತ ಕೇಳಿದಳು. ದಾನಮ್ಮ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಆದರೆ ಫಕ್ಕೀರಪ್ಪ ಹೆಂಡತಿ ಒಬ್ಬಳೇ ಇದ್ದಾಗ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ, "ಹಂಚು ಇಲ್ಲೇ ಬಿಡಾಕಿ ಏನ?" ಅಂದ.

"ನನಗೂ ಅವ್ವ ಹೇಳ್ಯಾಳ್ರಿ."

"ಹಂಗಂತ ಅಕ್ಕಗ ಹೇಳು."

"ಅಕಿ ಮಾರಿ ನೋಡಿದ್ರೇನು ನೀವು? ಹ್ಯಾಂಗ ಹೇಳ್ಲಿ?"

ಮೂರನೆಯ ದಿನ ಕಸ್ತೂರಿ ಎಲ್ಲರಿಗೂ ಪಡ್ಡು ಮಾಡಿದಳು. ಒಂದೂ ಹಿಡಿಯಲಿಲ್ಲ, ಒಂದೂ ಹರಿಯಲಿಲ್ಲ. ಮರಿಪಡ್ಡು ಎದ್ದಾಗ ಮಾತ್ರ ಅವಳು ಯಾರ ತಾಟನ್ನೂ ನೋಡದೆ ಅದನ್ನು ಅಂಬಿಕಾಳಿಗೆ ಹಾಕಿಬಿಟ್ಟಳು. ದಾನಮ್ಮ ಚಟ್ನಿ ಬಡಿಸುತ್ತಿದ್ದಳು, ಬಡಿಸುತ್ತಲೇ ಇದ್ದಳು. ಊಟವಾದ ಮೇಲೆ ಕಸ್ತೂರಿ ನನ್ನನ್ನು ಅರಿವೆಯಿಂದ ಒರೆಸಿ ಒಲೆಯ ಪಕ್ಕ ಇಟ್ಟಳು. ಅಕ್ಕತಂಗಿಯರು ಸೀರೆ ನೋಡಲು ದಾದರಿನ ಪೇಟೆಗೆ ಹೋದರು.

ಅಡುಗೆಮನೆಯಲ್ಲಿ ಪ್ರಾಜಕ್ತಾ ಒಬ್ಬಳೇ ಉಳಿದಳು. ಅವಳೂ ಪಡ್ಡಿನಂಥದ್ದನ್ನೇ ಮಾಡುತ್ತಿದ್ದಳು, ಅಪ್ಪೆ ಅನ್ನುತ್ತಾರೆ. ಆದರೆ ಅವಳ ಪಾತ್ರೆ ಹಗುರದ್ದು, ಹೊಳೆಯುವಂಥದ್ದು. ಅವಳು ನನ್ನನ್ನು ಎತ್ತಿ ನೋಡಿದಳು. ಬೆರಳಿಗೆ ಎಣ್ಣೆಯ ಕಪ್ಪು ಹತ್ತಿತು. ಕಸ್ತೂರಿಯನ್ನು ಅವಳು ಮಾವ್ಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಪಾಪ, ಮಾವ್ಶಿ ಪ್ರವಾಸದ ದಣಿವಿನಲ್ಲಿ ತೊಳೆಯದೆ ಇಟ್ಟಿದ್ದಾಳೆ ಅಂದುಕೊಂಡಿರಬೇಕು. ಹಂಚಿಗೆ ಸಾಬೂನು ಸೋಕಿಸಬಾರದೆಂದು ಗೊತ್ತಿದ್ದವರು ಅಕ್ಕತಂಗಿಯರಿಬ್ಬರು. ಗೊತ್ತಿಲ್ಲದವಳಿಗೆ ಒಂದು ಮಾತು ಹೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅವಳು ಬಿಸಿನೀರಿಗೆ ಸಾಬೂನಿನ ಪುಡಿ ಹಾಕಿ ನನ್ನನ್ನು ನೆನೆಯಿಟ್ಟಳು. ಆಮೇಲೆ ತಂತಿಯ ನಾರು ಹಿಡಿದು ಕೂತಳು. ಹಾಡು ಗುನುಗುತ್ತ, ಹಣೆಯ ಬೆವರು ತೋಳಿನಿಂದ ಒರೆಸಿಕೊಳ್ಳುತ್ತ, ಕುಳಿಕುಳಿಯನ್ನೂ ಉಜ್ಜಿದಳು. ನೀಲವ್ವ ಹಚ್ಚಿದ ಕಪ್ಪು ಕರಿನೀರಾಗಿ ಮೋರಿಯಲ್ಲಿ ಹರಿದುಹೋಯಿತು. ಎಷ್ಟು ಯುಗಾದಿ, ಎಷ್ಟು ದೀಪಾವಳಿ, ಎಷ್ಟು ಮಳೆಗಾಲದ ಬೆಳಗುಗಳು ಅದರಲ್ಲಿದ್ದವೋ. ನನಗೆ ನೋವಾಯಿತೇ ಎಂದರೆ, ಇಲ್ಲ. ಚಳಿಯಾಯಿತು. ಕಾರ್ಖಾನೆಯ ಮರಳಿನಿಂದ ಹೊರಬಿದ್ದ ದಿನದ ಹಾಗೆ.

ಅಕ್ಕತಂಗಿಯರು ಬಂದಾಗ ಪ್ರಾಜಕ್ತಾ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. "ಮಾವ್ಶಿ, ನೋಡ್ರಿ, ಹ್ಯಾಂಗ ಚಮಕ್ ಆಗ್ಯದ. ಎಷ್ಟ ವರ್ಷದ್ದು ಕಪ್ಪ ಇತ್ತು, ಎಲ್ಲಾ ತಗದೆ."

ಇಬ್ಬರೂ ನೋಡಿದರು. ಬೂದುಬಣ್ಣದ ಬತ್ತಲೆ ಕಬ್ಬಿಣ, ಅಲ್ಲಲ್ಲಿ ಆಗಲೇ ಎದ್ದ ಕೆಂಪು ತುಕ್ಕು. ಕಸ್ತೂರಿ ಸೀರೆಯ ಚೀಲವನ್ನು ಕೆಳಗಿಡಲು ಮರೆತಳು. ದಾನಮ್ಮ ಸೊಸೆಯ ಕೈ ನೋಡಿದಳು. ತಂತಿ ಚುಚ್ಚಿ ಬೆರಳ ತುದಿ ಕೆಂಪಾಗಿತ್ತು.

"ಭಾಳ ಕಷ್ಟಪಟ್ಟೀಯವ್ವ" ಅಂದಳು ದಾನಮ್ಮ. ಅಂದು ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಕಸ್ತೂರಿ ಹಿಂದೆಯೇ ಹೋದಳು. ಇಬ್ಬರ ಭುಜಗಳೂ ಅಲುಗುತ್ತಿದ್ದವು. ಅಳುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಅಳುವೂ ಇತ್ತು. ಆದರೆ ಕಸ್ತೂರಿ, "ಯಕ್ಕಾ, ನನಗೂ ಹೇಳಿದ್ಲು ಅವ್ವ, ಹಂಚು ನಿನಗ ಅಂತ. ಅದನ್ನ ನಿನಗ ಹೇಳೂದ ಹ್ಯಾಂಗ ಅಂತ ಮೂರು ದಿನ ನಿದ್ದಿಗೆಟ್ಟೀನಿ" ಅಂದಾಗ ದಾನಮ್ಮ ಕಣ್ಣೊರೆಸಿಕೊಂಡು, "ಇಬ್ಬರಿಗೂ ಹೇಳ್ಯಾಳ, ಕಳ್ಳಿ" ಅಂದಳು. ಆಗ ಬಂದದ್ದು ನಗುವೇ.

ಬಾಗಿಲಲ್ಲಿ ನಿಂತ ಪ್ರಾಜಕ್ತಾಳಿಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಅಂಬಿಕಾ ಮೆಲ್ಲಗೆ ವಿವರಿಸಿದಳು. ಪ್ರಾಜಕ್ತಾಳ ಮುಖ ಬಾಡಿಹೋಯಿತು. "ಆಯಿ, ನಾ ಹೊಸಾದು ತಂದು ಕೊಡ್ತೆ" ಅಂದಳು ಅತ್ತೆಗೆ. ದಾನಮ್ಮ, "ಹೊಸಾದು ಯಾಕ? ಇದ ಈಗ ಹೊಸಾದು" ಅಂದು ಉಳ್ಳಾಗಡ್ಡಿ ಕೈಗೆ ಕೊಟ್ಟಳು.

ಉಳಿದಿದ್ದ ಒಂದು ದಿನ ಪ್ರಾಣಿಸಂಗ್ರಹಾಲಯಕ್ಕೆ ಫಕ್ಕೀರಪ್ಪ ಮತ್ತು ಮಗಳು ಇಬ್ಬರೇ ಹೋದರು. ಹೆಂಗಸರು ಮೂವರೂ ಒಲೆಯ ಮುಂದೆ. ದಾನಮ್ಮ ಎಣ್ಣೆ ಸವರಿದಳು, ಕಸ್ತೂರಿ ಉರಿ ನೋಡಿದಳು, ಪ್ರಾಜಕ್ತಾ ಉಳ್ಳಾಗಡ್ಡಿ ತಿಕ್ಕಿದಳು. ಹೊಗೆಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ ಹೋದರು. ಊರಿಗೆ ಹೊರಡುವ ಬೆಳಿಗ್ಗೆ ಹಿಟ್ಟು ಹೊಯ್ದರು. ಎಂಟು ಕುಳಿಗಳಲ್ಲೂ ಪಡ್ಡು ಕಚ್ಚಿಕೊಂಡು ಕಿತ್ತು ಚೂರಾಯಿತು. ನನಗೇ ನಾಚಿಕೆ. ಸಣ್ಣ ಕುಳಿಯಲ್ಲಿ ಹಾಕಿದ್ದು ಒಂದೇ ಚಮಚ ಹಿಟ್ಟು. ಅದೊಂದು ಹೇಗೋ ಇಡಿಯಾಗಿ ಎದ್ದು ಬಂತು.

ಕಸ್ತೂರಿ ಅದನ್ನು ಕಡ್ಡಿಯಿಂದ ಎತ್ತಿ, ಅಕ್ಕನ ತಾಟಿಗೆ ಹಾಕಿದಳು.

ದಾನಮ್ಮ ಅದನ್ನೇ ನೋಡುತ್ತ ಕೂತಳು. ಆಮೇಲೆ ಬಾಯಿಗಿಟ್ಟು ನಿಧಾನ ಅಗಿದಳು. ಎಲ್ಲರೂ ಕಾಯುತ್ತಿದ್ದರು.

"ಸೀದೈತಲ್ಲೇ ಇದು" ಅಂದಳು. "ಇದಕ್ಕ ಅಷ್ಟು ವರ್ಷ ಹೊಟ್ಟಿ ಉರ್ಕೊಂಡ್ನಿ ನಾ?"

"ದಿನಾ ಸೀದಿರ್ತಿತ್ತು. ನೀ ಕೇಳ್ತಿ ಅಂತ ನಾ ತಿಂತಿದ್ನಿ."

ಚೀಲ ಕಟ್ಟುವಾಗ ದಾನಮ್ಮ ನನ್ನನ್ನು ಟವೆಲ್ಲಿನಲ್ಲಿ ಸುತ್ತಿ ತಂಗಿಯ ಮುಂದಿಟ್ಟಳು. ಕಸ್ತೂರಿ ಬಿಚ್ಚಿ ತಿರುಗಿ ಒಲೆಯ ಬಳಿ ಇಟ್ಟಳು. ಒಯ್ಯಿ, ಒಲ್ಲೆ ಎಂದು ಎರಡು ಸಲ ಆಯಿತು. ರೈಲಿನ ಹೊತ್ತಾಯಿತೆಂದು ಫಕ್ಕೀರಪ್ಪ ಬಾಗಿಲಲ್ಲಿ ಕೆಮ್ಮಿದ. ಕೊನೆಗೆ ಕಸ್ತೂರಿ ನನ್ನನ್ನು ಎತ್ತಿ ಪ್ರಾಜಕ್ತಾಳ ಕೈಗೆ ಕೊಟ್ಟಳು. "ನೀ ತಿಕ್ಕೀದಿ, ನೀನ ಪಳಗಸು. ನಾವು ಬಂದಾಗ ತಿಂತೀವಿ." ದಾನಮ್ಮ ಬೇಡ ಅನ್ನಲಿಲ್ಲ.

ಪ್ರಾಜಕ್ತಾ ಪಳಗಿಸಿದಳು. ವರ್ಷಗಳೇ ಹಿಡಿದವು. ಈಗ ನನ್ನ ಮೈ ಮತ್ತೆ ಕಪ್ಪು, ಆದರೆ ಇದು ಡೊಂಬಿವಲಿಯ ಕಪ್ಪು. ಇದರಲ್ಲಿ ಕಡಲೆಕಾಯಿ ಎಣ್ಣೆಯ ಜೊತೆ ಅವಳ ಗುನುಗುವಿಕೆಯೂ ಕೂಡಿದೆ. ಇತ್ತೀಚೆಗೆ ಮನೆಗೆ ಬೆಂಕಿಯಿಲ್ಲದ ವಿದ್ಯುತ್ ಒಲೆ ಬಂದಿದೆ. ಉಬ್ಬುತಗ್ಗಿನ ನನ್ನ ತಳ ಅದಕ್ಕೆ ಹೊಂದುವುದಿಲ್ಲ. ಒಂದು ಕಿವಿ ಮುರಿದಿದೆ. ಹೆಚ್ಚಿನ ದಿನ ಕಪಾಟಿನ ಕೆಳಗಿನ ಖಾನೆಯಲ್ಲಿ, ಕಾಗದ ಸುತ್ತಿಕೊಂಡು ಮಲಗಿರುತ್ತೇನೆ. ಕತ್ತಲಲ್ಲಿ ನೀಲವ್ವನ ಎರಡು ಮಾತು ನೆನಪಾಗುತ್ತವೆ. ಇಬ್ಬರಲ್ಲಿ ಯಾರೊಬ್ಬರ ಪಾಲಾಗಿದ್ದರೂ ಒಂದು ಮಾತು ಸುಳ್ಳಾಗುತ್ತಿತ್ತು. ಎರಡನ್ನೂ ಉಳಿಸಿದವಳು ಏನೂ ತಿಳಿಯದೆ ತಂತಿಯ ನಾರು ಹಿಡಿದ ಆ ಹುಡುಗಿ.

ರಾಣೇಬೆನ್ನೂರಿನವರು ಬಂದರೆ ಮಾತ್ರ ಹಳೆಯ ಗ್ಯಾಸಿನ ಒಲೆ ಕೆಳಗಿಳಿಯುತ್ತದೆ, ನಾನೂ ಹೊರಗೆ ಬರುತ್ತೇನೆ. ಪ್ರಾಜಕ್ತಾಳ ಇಬ್ಬರು ಮಕ್ಕಳು ತಾಟು ಹಿಡಿದು ಮರಿಪಡ್ಡಿಗೆ ಜಗಳಕ್ಕೆ ನಿಲ್ಲುತ್ತಾರೆ. ಆಗ ಗೋಡೆಗೆ ಒರಗಿ ಕೂತ ದಾನಮ್ಮ, ಅರ್ಧ ಹಲ್ಲು ಬಿದ್ದ ಬಾಯಿಯಲ್ಲಿ, "ಅದು ಸೀದಿರತೈತಿ, ಹುಡುಗರಿಗೆ ಬ್ಯಾಡ. ನನಗ ಹಾಕು" ಅನ್ನುತ್ತಾಳೆ.

ಪ್ರತಿಸಲವೂ ಹಾಗೇ ಅನ್ನುತ್ತಾಳೆ. ಕಸ್ತೂರಿ ಕಡ್ಡಿ ತಾಗಿಸುತ್ತಾಳೆ, ನಾನು ಬಿಟ್ಟುಕೊಡುತ್ತೇನೆ.