ಉಂಗುರದ ಟಕ್ ಟಕ್

ದಂತವೈದ್ಯ ಕಾಲೇಜಿನಲ್ಲಿ ಮೇಡಂ ಬಂದರೆಂದರೆ ಹುಡುಗರ ಜಂಘಾಬಲವೇ ಉಡುಗುತ್ತಿತ್ತು. ರೋಗಿಯ ಬಾಯಲ್ಲಿ ಕೈಯಿಟ್ಟ ವಿದ್ಯಾರ್ಥಿಯ ಬೆನ್ನ ಹಿಂದೆ ನಿಂತು, ಬೆರಳಿನ ಉಂಗುರವನ್ನು ಸ್ಟೀಲ್ ತಟ್ಟೆಗೆ ಟಕ್ ಟಕ್ ಎಂದು ಬಡಿಯುವರು. ಹೊತ್ತಾಯಿತು, ಮುಗಿಸು ಎಂದು ಅದರರ್ಥ. ಹುಡುಗರು ಗಡಿಯಾರಮ್ಮ ಎಂದು ಹೆಸರಿಟ್ಟಿದ್ದರು. ಆ ಗಡಿಯಾರಮ್ಮ ಈಗ ಇನ್ನೊಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು.

ಮೇಲಿನ ಮುಂದಿನ ಹಲ್ಲಿನ ನರ ಸತ್ತಿತ್ತು, ರೂಟ್ ಕೆನಾಲ್ ಮಾಡಿಸದೆ ಗತಿಯಿರಲಿಲ್ಲ. ಸಹೋದ್ಯೋಗಿಗಳ ಹತ್ತಿರ ಹೋಗೋಣವೆಂದರೆ ಅವರಲ್ಲಿ ಇವರಿಂದ ಬೈಸಿಕೊಳ್ಳದವರೇ ಇಲ್ಲ. "ಮಾರ್ಕೆಟ್ ಹಿಂದಿನ ಕ್ಲಿನಿಕ್ಕಿಗೆ ಹೋಗಕ್ಕಾ. ನನಗೆ ಹಲ್ಲು ಕಿತ್ತಿದ್ದೇ ಗೊತ್ತಾಗ್ಲಿಲ್ಲ, ಅಂಥಾ ಕೈ," ಎಂದಿದ್ದಳು ತಂಗಿ. ಬಂದು ನೋಡಿದರೆ ಡಾಕ್ಟರು ತಮ್ಮದೇ ಹಳೆಯ ವಿದ್ಯಾರ್ಥಿ.

"ಮೇಡಂ, ನೀವಾ..." ಎಂದವನು ಒರೆಸಿದ್ದ ಕುರ್ಚಿಯನ್ನೇ ಮತ್ತೆ ಒರೆಸಿದ್ದ.

ಆದರೂ ಕೆಲಸ ಚೆನ್ನಾಗಿಯೇ ಮಾಡಿದ. ಬಾಯಿಗೆ ರಬ್ಬರ್ ಹಾಳೆ ಬಿಗಿದ, ಬೇರಿನೊಳಗೆ ಸಿಮೆಂಟು ಹಾಕಿ ಮುಚ್ಚಿದ. ಇನ್ನು ಹಲ್ಲಿನ ಒಳಗೋಡೆಗೆ ಮೆತ್ತಿದ್ದ ಸಿಮೆಂಟನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ತೆಗೆಯುವುದೊಂದೇ ಬಾಕಿ. ಮೇಡಂ ಪ್ರತಿ ವರ್ಷ ಗಂಟಲು ಹರಿಯುವಂತೆ ಹೇಳಿಕೊಡುತ್ತಿದ್ದದ್ದು ಇದನ್ನೇ. ಹಲ್ಲಿನ ಅಂಚಿನ ಕಡೆ ಒಳಗೆ ಎರಡು ಪುಟ್ಟ ಮೂಲೆಗಳಿರುತ್ತವೆ. ಅಲ್ಲಿ ಚೂರು ಸಿಮೆಂಟು ಉಳಿದರೂ ಸಾಕು, ಕೆಲವು ತಿಂಗಳಲ್ಲಿ ಹಲ್ಲು ಒಳಗಿನಿಂದ ಕಪ್ಪಾಗುತ್ತದೆ. ಕೊನೆಯ ಹತ್ತಿ ಬೆಳ್ಳಗೆ ಹೊರಬರುವ ತನಕ ಒರೆಸಬೇಕು.

ಮೊದಲ ಹತ್ತಿ ಹಳದಿಯಾಗಿ ಬಂತು. ಎರಡನೆಯದೂ ಹಾಗೆಯೇ. ಮೇಡಂ ಓರೆಗಣ್ಣಿನಲ್ಲಿ ತಟ್ಟೆಯನ್ನೇ ನೋಡುತ್ತಿದ್ದರು. ಅವರು ನಗುವುದೇ ಅಪರೂಪ. ಆದರೂ ಅಪರೂಪಕ್ಕೆ ನಕ್ಕಾಗ ಮುಂದಿನ ಹಲ್ಲು ಕಪ್ಪಗೆ ಕಾಣಬಾರದಲ್ಲ! ಕ್ಲಾಸಿನಲ್ಲಿ ನಿಂತು ಯಾವ ಬಾಯಲ್ಲಿ ಪಾಠ ಮಾಡುವುದು?

ಮೂರನೆಯ ಹತ್ತಿಯಲ್ಲೂ ಹಳದಿ ಗೆರೆಯಿತ್ತು. ಅವನು ಅದನ್ನು ತಟ್ಟೆಗೆ ಹಾಕಿ, ಹಲ್ಲಿನ ತೂತು ಮುಚ್ಚುವ ಫಿಲ್ಲಿಂಗಿಗೆ ಕೈಚಾಚಿದ.

ಜೀವ ಬಾಯಿಗೆ ಬಂತೆನ್ನೋಣವೆಂದರೆ ಬಾಯಲ್ಲಿ ಜಾಗವಿರಲಿಲ್ಲ. "ಊಂ! ಊಂ!" ಎಂದರು ಮೇಡಂ.

"ಆಯ್ತು ಮೇಡಂ, ಆಗೇ ಹೋಯ್ತು. ಈಗ ಮುಗಿಸ್ತೀನಿ."

ಅವನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಇವನಿಗೇನು ಅಂಥ ಅವಸರ? ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ? ಆಗ ಕಿವಿಗೆ ಬಿತ್ತು ಸದ್ದು: ಟಕ್ ಟಕ್, ಟಕ್ ಟಕ್. ಕುರ್ಚಿಯ ಸ್ಟೀಲ್ ಹಿಡಿಗೆ ಅವರದೇ ಉಂಗುರ ಬಡಿಯುತ್ತಿತ್ತು. ಭಯ ಏರಿದಷ್ಟೂ ಬೆರಳು ಜೋರಾಗಿತ್ತು, ಬೆರಳು ಜೋರಾದಷ್ಟೂ ಅವನ ಕೈ ಓಡಿತ್ತು.

ಮೇಡಂ ಉಂಗುರ ಎಳೆದರು. ಬೆವರಿದ ಬೆರಳಿನಿಂದ ಅದು ಸಲೀಸಾಗಿ ಜಾರಿತು. ಅದನ್ನು ಮುಷ್ಟಿಯೊಳಗೆ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡರು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದ ಸದ್ದಿಗಿಂತ ಭಯಂಕರವಾಗಿತ್ತು, ಏಕೆಂದರೆ ಈಗ ಹಲ್ಲು ಪೂರ್ತಿ ಅವನ ಕೈಯಲ್ಲಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. ಸ್ಪಿರಿಟ್ಟಿನ ವಾಸನೆ ಬಂತು. ಇನ್ನೊಂದು ಹತ್ತಿ, ಮತ್ತೊಂದು ಹತ್ತಿ.

ಎಲ್ಲ ಮುಗಿದು ಎದ್ದು ಕುಳಿತಾಗ ತಟ್ಟೆಯಲ್ಲಿ ಕೊನೆಯ ಹತ್ತಿ ಬೆಳ್ಳಗೆ ಬಿದ್ದಿತ್ತು. ಮೇಡಂಗೆ ಹೋದ ಜೀವ ಬಂದಂತಾಯಿತು.

"ಮೊದ್ಲು ಯಾಕೆ ಒರೆಸೋದು ಅರ್ಧಕ್ಕೇ ಬಿಟ್ಟೆ?" ಎಂದರು ಜೋಮು ಹಿಡಿದ ತುಟಿಯಲ್ಲಿ.

ಅವನು ತಲೆ ಕೆರೆದುಕೊಂಡ. "ಆ ಸದ್ದು ಕೇಳಿದ್ರೆ ಈಗ್ಲೂ ಕೈ ತಾನಾಗೇ ಓಡುತ್ತೆ ಮೇಡಂ. ಟಕ್ ಟಕ್ ಬಂತು ಅಂದ್ರೆ ಎಲ್ಲಿದ್ವೋ ಅಲ್ಲಿಗೆ ಮುಚ್ಚಿಬಿಡ್ತಿದ್ವಿ. ಮೂಲೆಗೀಲೆ ಯಾರು ನೋಡ್ತಿದ್ರು?"

"ನೀನೊಬ್ನೇನಾ?"

"ಅಯ್ಯೋ, ಎಲ್ರೂ ಮೇಡಂ! ನಮ್ಮ ಸೀನಿಯರ್ಸೂ ಹಾಗೇ," ಎಂದು ಅವನು ಕಾಲೇಜಿನ ಹಳೆಯ ತಮಾಷೆ ನೆನಪಾದವನಂತೆ ನಕ್ಕ.

ಮೇಡಂಗೆ ನಗು ಬರಲಿಲ್ಲ. ಕುರ್ಚಿಯಲ್ಲಿ ಮಲಗಿದ್ದಾಗಲೂ ಇಷ್ಟು ಹೆದರಿರಲಿಲ್ಲ. ಎಷ್ಟು ವರ್ಷ, ಎಷ್ಟು ಹುಡುಗರು, ಎಷ್ಟು ಬಾಯಿ! ಎಲ್ಲರಿಗೂ ಕನ್ನಡಿ ಹಿಡಿದು, ಬೆಳ್ಳನೆಯ ಹಲ್ಲು ತೋರಿಸಿ ಮನೆಗೆ ಕಳಿಸಿದ್ದರು. ವರ್ಷದ ಮೇಲೆ ಅವರನ್ನು ಕರೆಸಿ ನೋಡಿದ್ದೇ ಇಲ್ಲ.

ಉಂಗುರವನ್ನು ಪರ್ಸಿಗೆ ಹಾಕಿಕೊಂಡು ಬೀದಿಗಿಳಿದರು. ಮೂಲೆಯ ಹಣ್ಣಿನಂಗಡಿಯವಳು ಅವರ ಗುರುತು ಹಿಡಿದಳು.

"ಡಾಕ್ಟ್ರಮ್ಮಾ, ಚೆನ್ನಾಗಿದೀರಾ? ನಿಮ್ಮ ಕಾಲೇಜಲ್ಲೇ ಅಲ್ವಾ ನಂಗೆ ಮುಂದಿನ ಹಲ್ಲು ಸರಿ ಮಾಡಿದ್ದು!" ಎಂದು ಬಾಯಿತುಂಬ ನಕ್ಕಳು.

ಮೇಡಂ ತಲೆ ತಗ್ಗಿಸಿ ಕಿತ್ತಳೆ ಆರಿಸತೊಡಗಿದರು. ಮುಖವೆತ್ತಿ ಅವಳ ಬಾಯಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ.