ನಂಜಪ್ಪನನ್ನು ಎಲ್ಲಿ ಇಳಿಸುವುದು

“ಇನ್ನೊಂದ್ಸಲ ಮಾಡವ್ವ,” ಎಂದಳು ಬೈರಮ್ಮ.

ಸುನಿತಾ ಆಗಲೇ ಆರು ಸಲ ಮಾಡಿದ್ದಳು. ಅತ್ತ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಆಂಬುಲೆನ್ಸು ಪಾಂಡವಪುರ ದಾಟಿ ಚಿನಕುರಳಿ ಕಡೆಗೆ ಓಡುತ್ತಿತ್ತು. ಬೆಂಚಿನ ಮೇಲೆ ತಾಯಿ, ಮಗಳು. ಎದುರಿಗೆ ಸ್ಟ್ರೆಚರಿನಲ್ಲಿ ಬಿಳಿ ಬಟ್ಟೆ ಹೊದ್ದ ನಂಜಪ್ಪ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಮೈಸೂರಿನ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಹೋಗಿ ಬರುತ್ತಿದ್ದ ಮನುಷ್ಯ. ಈ ಸಲ ಅಲ್ಲೇ ಬೆಳಗಿನ ಜಾವ ಪ್ರಾಣ ಹೋಗಿತ್ತು.

ಅಳುವುದಕ್ಕೂ ಪುರುಸೊತ್ತು ಬೇಕು. ಅದು ಇವರಿಗೆ ಸಿಕ್ಕಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಅವರಿದ್ದ ಬಾಡಿಗೆ ಮನೆಯ ಮಾಲೀಕರು ಗೇಟಿಗೆ ಅಡ್ಡ ನಿಂತು, ಕೈ ಮುಗಿದು, “ತಪ್ಪು ತಿಳ್ಕೋಬೇಡಿ, ಗೃಹಪ್ರವೇಶ ಆಗಿ ಮೂರು ವರ್ಷ ಆಗಿಲ್ಲ, ನಮ್ಮನೆಗೆ ಬೇಡ” ಎಂದಿದ್ದರು. ಕೆಟ್ಟವರೇನಲ್ಲ. ಹೋದ ವಾರ ತಾವೇ ಕಾರಿನಲ್ಲಿ ನಂಜಪ್ಪನನ್ನು ಆಸ್ಪತ್ರೆಗೆ ಬಿಟ್ಟು ಬಂದಿದ್ದರು. ಬದುಕಿದ್ದವನಿಗೆ ಕಾರು ಕೊಡುವವರೂ ಹೆಣಕ್ಕೆ ಹೊಸಿಲು ಕೊಡುವುದಿಲ್ಲ. ಸುನಿತಾಳದ್ದು ಅತ್ತೆ ಮಾವನ ಮನೆ. ಹೆಣ್ಣು ಕೊಟ್ಟ ಮನೆಗೆ ಹೆಣವಾಗಿ ಹೋಗುವುದು ಹೇಗೆ? ಉಳಿದದ್ದು ಕೆ.ಆರ್. ಪೇಟೆಯ ಸ್ವಂತ ಮನೆ. ಅದರಲ್ಲಿ ಬಾಡಿಗೆಗಿರುವ ರಘುನಂದನ್ ಫೋನು ಎತ್ತುತ್ತಿಲ್ಲ.

ಮುಂದೆ ಡ್ರೈವರ್ ಪಕ್ಕ ಕೂತಿದ್ದ ನಂಜಪ್ಪನ ತಮ್ಮ ಪುಟ್ಟರಾಜು ಕಿಂಡಿಯಿಂದ ಕೂಗಿದ. “ಅತ್ಗೆ, ಜೋಯಿಸ್ರಿಗೆ ಫೋನ್ ಮಾಡಿದ್ದೆ. ನಕ್ಷತ್ರ ಸರಿಗಿಲ್ವಂತೆ. ಎಣ ಒಸ್ಲು ದಾಟಿ ಒಳಿಕ್ಕೆ ಓದ್ರೆ ಆ ಮನೆ ಮೂರು ತಿಂಗ್ಳು ಬುಡ್ಬೇಕಂತೆ. ಬಾಗ್ಲಿಗೆ ಮುಳ್ಳಾಕಿ ಎಲ್ರೂ ಆಚೆಗೋಗ್ಬೇಕು.”

“ಆ ಹುಡ್ಗಿ ಬಸ್ರಿ ಚಿಕ್ಕಪ್ಪ,” ಎಂದಳು ಸುನಿತಾ. “ರಘುನಂದನ್ ಎಂಡ್ತಿ. ಏಳು ತಿಂಗ್ಳು. ಎರಡು ಸಲ ಓಗ್ಬುಟ್ಟಿತ್ತು, ಈ ಸಲ ಮಂಚ ಬುಟ್ಟು ಏಳ್ಬೇಡ ಅಂದವ್ರೆ ಡಾಕ್ಟ್ರು. ಅವ್ಳನ್ನ ಎಲ್ಲಿಗೆ ಕಳ್ಸದು?”

“ಅಂಗಾರೆ ಸೀದಾ ನಮ್ಮೂರು ಶೀಳನೆರೆಗೆ ಓಗದು. ನಮ್ಮಟ್ಟೀಲೇ ಇಳ್ಸದು, ಮೂರು ತಿಂಗ್ಳು ನಾವು ಎಲ್ಲಾರ ಇರ್ತೀವಿ. ಮಣ್ಣು ಮಾಡದು ಎಂಗಿದ್ರೂ ಅಲ್ಲೇ ಹೊಲ್ದಲ್ಲಿ ತಾನೆ?”

“ನಿಮ್ಮಣ್ಣ ಒಪ್ತಿರ್ಲಿಲ್ಲ ಪುಟ್ಟರಾಜು,” ಎಂದಳು ಬೈರಮ್ಮ. “ ಭಾಗ ಬುಟ್ಕೊಟ್ಟು ಬಂದ ಮನೆಗೆ ಎಣವಾಗಿ ಓಗಕಿಲ್ಲ ಅಂತಿದ್ರು. ನಾನು ಕಟ್ಸಿದ ಮನೇಲೇ, ನಡುಮನೇಲೇ ಇಳ್ಸು ಅಂತ ನನ್ತಾವ ಮಾತು ತಕ್ಕಂಡವ್ರೆ.”

“ಅವತ್ತೇ ಆ ಮನೆ ಮಾರಿದ್ರೆ ಶ್ರೀರಂಗಪಟ್ಣದಲ್ಲೇ ಒಂದು ಸ್ವಂತ ಗೂಡು ಇರ್ತಿತ್ತಲ್ಲವ್ವ. ಅಪ್ಪನ್ನ ಇಂಗೆ ಊರೂರು ತಿರುಗಿಸ್ತಿರ್ಲಿಲ್ಲ,” ಎಂದಳು ಸುನಿತಾ.

ಬೈರಮ್ಮನಿಗೂ ಬೆಳಗಿನಿಂದ ಅದೇ ಅನ್ನಿಸುತ್ತಿತ್ತು. ಗಂಡ ಎದುರಿಗೇ ಮಲಗಿದ್ದರಿಂದ ಬಾಯಿ ಬಿಟ್ಟು ಆಡಲಿಲ್ಲ.

*

ನಂಜಪ್ಪ ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದವನು. ಮೂವತ್ತೊಂದು ವರ್ಷ ಬೀದಿ ಬೀದಿಯ ವಾಲ್ವು ತಿರುಗಿಸಿ, ನೀರು ಬಂದವರಿಂದ ಒಂದು ಒಳ್ಳೆಯ ಮಾತೂ ಕೇಳದೆ, ಬಾರದವರಿಂದ ಏಳು ತಲೆಮಾರಿಗಾಗುವಷ್ಟು ಬೈಸಿಕೊಂಡು, ಎರಡು ಕೋಣೆಯ ತಾರಸಿ ಮನೆ ಕಟ್ಟಿದ್ದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಕಟ್ಟಿದ ಮನೆಯನ್ನು ಬಿಟ್ಟು ಹೋಗಿ ನೋಡು ಎಂದು ಯಾರೂ ಸೇರಿಸಿಲ್ಲ. ನಿವೃತ್ತಿಯಾದ ಮರುವರ್ಷವೇ ಕಿಡ್ನಿ ಕೈಕೊಟ್ಟಿತು. ಕೆ.ಆರ್. ಪೇಟೆಯಿಂದ ಮೈಸೂರಿಗೆ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಮಗಳು ಶ್ರೀರಂಗಪಟ್ಟಣದಲ್ಲಿದ್ದಳು, ಅಲ್ಲಿಂದ ಮೈಸೂರು ಅರ್ಧ ಗಂಟೆ. ಹೋಗುವುದು ಖಾತ್ರಿಯಾಯಿತು. ಮನೆಯನ್ನು ಏನು ಮಾಡುವುದು ಎನ್ನುವುದು ಮಾತ್ರ ತಿಂಗಳಾದರೂ ಬಗೆಹರಿಯಲಿಲ್ಲ.

“ಮಾರ್ಬುಡಿ,” ಎಂದಿದ್ದಳು ಬೈರಮ್ಮ. “ಅಲ್ಲೇ ಚಿಕ್ಕದೊಂದು ತಕ್ಕಳಿ. ಬಾಡ್ಗೆ ಮನೇಲಿ ನಂಗೆ ಉಸ್ರು ಕಟ್ತದೆ.”

“ಬಾಡ್ಗೆಗೆ ಕೊಡದೇ ಸೈ.”

“ಅಲ್ಲಿ ನಾವು ಬಾಡ್ಗೆಗೆ, ಇಲ್ಲಿ ಇನ್ಯಾರೋ ಬಾಡ್ಗೆಗೆ. ಎರಡು ಮನೆ ಇದ್ರೂ ಒಂದೂ ನಮ್ದಲ್ಲ.”

“ಮಾರ್ಬುಟ್ಟು, ಅಲ್ಲಿ ಮನೆ ಸಿಗದೆ ಓದ್ರೆ? ನಾನು ಎಷ್ಟು ದಿನ ಇರ್ತೀನೋ. ನಡುವೆ ಓಗ್ಬುಟ್ರೆ ನನ್ನ ಎಲ್ಲಿ ಇಳಿಸ್ತೀಯೆ? ಚಿಕ್ಕಯ್ಯನ್ನ ಮರ್ತ್ಯಾ?”

ಚಿಕ್ಕಯ್ಯ ಅವನ ಜೊತೆ ನೀರು ಬಿಡುತ್ತಿದ್ದವನು, ಜನ್ಮಪೂರ್ತಿ ಬಾಡಿಗೆ ಮನೆಯಲ್ಲೇ ಇದ್ದವನು. ಸತ್ತಾಗ ಮಾಲೀಕರು ಒಳಗೆ ಬಿಡಲಿಲ್ಲ. ಚರಂಡಿ ಪಕ್ಕ ಶಾಮಿಯಾನ ಹಾಕಿ ಮಲಗಿಸಿದ್ದರು. ಮಧ್ಯಾಹ್ನ ಮಳೆ ಬಂತು, ಶಾಮಿಯಾನ ಸೋರಿತು, ನಂಜಪ್ಪ ಎರಡು ಗಂಟೆ ಹೆಣಕ್ಕೆ ಕೊಡೆ ಹಿಡಿದು ನಿಂತಿದ್ದ. ಅವತ್ತು ಮನೆಗೆ ಬಂದು, ಸ್ನಾನ ಮಾಡಿ, ತನ್ನ ನಡುಮನೆಯ ನೆಲದ ಮೇಲೆ ಸುಮ್ಮನೆ ಅಂಗಾತ ಮಲಗಿಕೊಂಡಿದ್ದ. ಅವನಿಗೆ ಸಾವಿನ ಭಯವಿರಲಿಲ್ಲ. ಬೀದಿಯ ಭಯವಿತ್ತು.

ಹಾಗಾಗಿ ಮನೆ ಬಾಡಿಗೆಗೆ ಹೋಯಿತು. ನಾಗಮಂಗಲ ಕಡೆಯ ರಘುನಂದನ್, ಕಾಲೇಜಿನಲ್ಲಿ ಗುಮಾಸ್ತ, ಹೆಂಡತಿ ಸಿಂಚನಳ ಜೊತೆ ಬಂದು ಸೇರಿದ. ಬೈರಮ್ಮ ಶ್ರೀರಂಗಪಟ್ಟಣದಲ್ಲಿ ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಮಾಲೀಕರನ್ನು ಕೇಳಿಕೊಂಡು ಎರಡು ವರ್ಷ ಬದುಕಿದಳು.

*

ಗಾಡಿ ಬೀದಿಗೆ ತಿರುಗಿದಾಗ ಹತ್ತೂವರೆ. ಆಗಲೇ ಜನ ಸೇರಿದ್ದರು, ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಎದುರು ಮನೆಯ ಮಂಚಮ್ಮ ಓಡಿ ಬಂದು ಬೈರಮ್ಮನನ್ನು ತಬ್ಬಿಕೊಂಡಳು.

“ಓಗ್ಬುಟ್ನಲ್ಲೇ ಬೈರೀ! ನೀರು ಬರ್ಲಿಲ್ಲ ಅಂತ ಎಷ್ಟು ಬೈದಿದ್ದೀನೇ ಆ ಪುಣ್ಯಾತ್ಮನ್ನ!”

ಅವಳ ಹೆಗಲ ಮೇಲಿಂದ ಬೈರಮ್ಮ ತನ್ನ ಮನೆಯನ್ನು ನೋಡುತ್ತಿದ್ದಳು. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ರಘುನಂದನ್ ನಿಂತಿದ್ದ, ಕೈಯಲ್ಲಿ ಫೋನು.

“ಒಂದ್ಸಲ ಎತ್ಬಾರ್ದೇನಪ್ಪಾ?” ಎಂದಳು.

“ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಅಮ್ಮ. ನೀವು ಕೇಳಿದ್ರೆ ಇಲ್ಲ ಅನ್ನಕ್ಕೆ ನನ್ ಕೈಲಾಗಲ್ಲ. ಹೂಂ ಅನ್ನಾನ ಅಂದ್ರೆ ಅವ್ರೇ ಬೇಡ ಅಂದವ್ರೆ.”

“ಯಾರು?”

ಅವನು ಆಂಬುಲೆನ್ಸಿನ ಕಡೆ ನೋಡಿದ. “ಯಜಮಾನ್ರು.”

*

ಹೋದ ತಿಂಗಳು, ಬಚ್ಚಲ ನಲ್ಲಿ ಸೋರುತ್ತದೆ ಎಂದು ತಿಳಿದು ನಂಜಪ್ಪ ತಾನೇ ಬಂದಿದ್ದ. ಜೊತೆಗೆ ಬಂದ ಬೈರಮ್ಮ ಮಂಚಮ್ಮನ ಮನೆಯಲ್ಲಿ ಹರಟೆಗೆ ಕೂತಿದ್ದಳು. ಕೈಯಲ್ಲಿ ಬಲವಿಲ್ಲದಿದ್ದರೂ ನಂಜಪ್ಪ ಸ್ಪ್ಯಾನರನ್ನು ರಘುನಂದನನಿಗೆ ಕೊಡಲಿಲ್ಲ. ವಾಷರ್ ಬದಲಾಯಿಸಿ ಈಚೆಗೆ ಬಂದರೆ, ನಡುಮನೆಯಲ್ಲಿ ಮಂಚದ ಮೇಲೆ ಸಿಂಚನ ಮಗ್ಗುಲಾಗಿ ಮಲಗಿದ್ದಳು. ಅವನನ್ನು ನೋಡಿ ಏಳಲು ಹೋದಳು.

“ಮಲಿಕ್ಕೊ ಮಗ. ಎಷ್ಟು ತಿಂಗ್ಳು?”

“ಆರು, ತಾತ. ಕೋಣೇಲಿ ಸೆಕೆ ಅಂತ ಇಲ್ಲೇ ಮಂಚ ಹಾಕವ್ರೆ. ಹೆರಿಗೆ ಗಂಟ ಈ ಜಾಗ ಬಿಟ್ಟು ಅಲ್ಲಾಡಂಗಿಲ್ಲ.” ನಕ್ಕಳು. ನಕ್ಕರೂ ಹೆದರಿದ್ದು ಕಾಣುತ್ತಿತ್ತು.

ಅದು ಅವನು ತನಗೆಂದು ಇಟ್ಟುಕೊಂಡಿದ್ದ ಜಾಗ. ನಂಜಪ್ಪ ಹೊರಗೆ ಬಂದು, ಗೇಟಿನ ಹತ್ತಿರ ರಘುನಂದನನ ತೋಳು ಹಿಡಿದುಕೊಂಡ.

“ನೋಡು ಮಗ, ನಾನು ಇನ್ನೆಷ್ಟು ದಿನವೋ. ಓದ್ರೆ ಇಲ್ಲಿಗೇ ತತ್ತಾರೆ. ನೀನು ಒಳಿಕ್ಕೆ ಬುಡ್ಬ್ಯಾಡ. ಮಗ ಉಟ್ಟೋ ಜಾಗ್ದಲ್ಲಿ ನಾನು ಮಲಗಕಿಲ್ಲ.”

“ಅಮ್ಮ ಏನಂತಾರೋ...”

“ನಮ್ಮವಳ್ಗೆ ನಾನೇ ಏಳ್ತೀನಿ ಬುಡು.”

ಹೇಳಲಿಲ್ಲ. ಊರಿನ ಬೈಗುಳಕ್ಕೆಲ್ಲ ಎದೆ ಕೊಟ್ಟವನಿಗೆ ಹೆಂಡತಿಯ ಮುಂದೆ ಒಂದು ಮಾತು ಆಡುವ ಧೈರ್ಯ ಬರಲಿಲ್ಲ. ವಾಪಸು ಹೋಗುವಾಗ ಬಸ್ಸಿನಲ್ಲಿ ಎರಡು ಸಲ “ಬೈರೀ” ಎಂದ. ಏನು ಎಂದರೆ ಏನಿಲ್ಲ ಎಂದ.

*

ಬೈರಮ್ಮ ಆಂಬುಲೆನ್ಸಿನ ಹಿಂಬಾಗಿಲಿಗೆ ಹೋಗಿ ನಿಂತಳು. ಬೆಳಗಿನಿಂದ ಬಾರದಿದ್ದ ಅಳು ಬೈಗುಳವಾಗಿ ಬಂತು.

“ಎರಡು ವರ್ಷ ನನ್ನ ಕಂಡೋರ ಮನೇಲಿ ಮಡಗಿದ್ಯಲ್ಲಾ, ಯಾತಕ್ಕೆ? ನಡುಮನೆ ನಡುಮನೆ ಅಂತ ಬಡ್ಕತಿದ್ದಲ್ಲಾ! ನಂಗೊಂದು ಮಾತು ಏಳ್ದೆ ಕೊಟ್ಬುಟ್ಯಾ? ಏಳಿದ್ರೆ ನಾನೇನು ಬ್ಯಾಡ ಅಂತಿದ್ನಾ?”

ಬೇಡ ಅಂತಲೇ ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಜೋರಾಗಿ ಅತ್ತಳು. ಸುನಿತಾ ತಾಯಿಯ ಸೊಂಟ ಹಿಡಿದು ನಿಂತಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಿಂಚನ ಚೌಕಟ್ಟು ಹಿಡಿದು ನಿಂತಿದ್ದಳು, ಕಾಲ ಬಳಿ ಒಂದು ಬ್ಯಾಗು. ಅವಳ ಹಿಂದೆ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

“ಒಳಗೆ ತನ್ನಿ ಅಮ್ಮ. ಅವ್ರ ಮನೆ ಇದು. ನಾವು ಕಾರು ಮಾಡ್ಕೊಂಡು ನಾಗಮಂಗಲಕ್ಕೆ ಹೋಗ್ತೀವಿ. ನಿಧಾನಕ್ಕೆ ಹೋದ್ರೆ ಏನಾಗಲ್ಲ.” ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ರಘುನಂದನ್ ತಲೆ ಎತ್ತಲಿಲ್ಲ.

“ಅವ್ರೇ ಒಪ್ಪವ್ರಲ್ಲ ಅತ್ಗೆ,” ಎಂದ ಪುಟ್ಟರಾಜು. “ಬಿರ್ರನೆ ಇಳ್ಸದು. ಮೂರು ತಿಂಗ್ಳು ಕಳುದ್ಮೇಲೆ ಮನೆ ಮಾರ್ಬುಡಿ, ಯಾವ ತಾಪತ್ರಯವೂ ಇರಕಿಲ್ಲ.”

ನಾಲ್ಕು ಜನ ನಂಜಪ್ಪನನ್ನು ಎತ್ತಿಕೊಂಡರು. ಅವರು ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಬೈರಮ್ಮ ಮಗಳ ಕೈ ಬಿಡಿಸಿಕೊಂಡು ಅವರಿಗಿಂತ ಮುಂದೆ ಓಡಿದಳು. ತಲೆದೆಸೆಗೆ ದೀಪ ಹಚ್ಚುವುದಕ್ಕೆ ಒಳಗೆ ಹೋಗುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಅವಳು ಹೊಸಿಲ ಹೊರಗೇ ನಿಂತು, ಕೈ ನೀಡಿ, ಸಿಂಚನಳ ಭುಜ ಹಿಡಿದು ಒಳಕ್ಕೆ ತಿರುಗಿಸಿದಳು.

“ಇತ್ತಗೆ ನೋಡ್ಬ್ಯಾಡ ಕಣವ್ವ. ಓಗಿ ಮಲಿಕ್ಕೊ.”

“ಅಮ್ಮ, ಆಮೇಲೆ ಮನೆ... ಮಾರ್ತೀರಾ?”

“ಮೊದ್ಲು ನಿನ್ನ ಮಗ ಅಂಬೆಗಾಲಿಕ್ಲಿ.”

ಬ್ಯಾಗನ್ನು ಒಳಗೆ ತಳ್ಳಿ, ಬಾಗಿಲನ್ನು ತಾನೇ ಎಳೆದು ಮುಚ್ಚಿದಳು. ಮೆಟ್ಟಿಲಿಳಿದು ಬಂದು, ಬೀದಿಯ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಬ್ಬ ಮನುಷ್ಯ ಮಲಗುವಷ್ಟು ಜಾಗದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕತೊಡಗಿದಳು.

“ಅವ್ವ, ಬೀದೀಲಾ?” ಎಂದಳು ಸುನಿತಾ. “ಅಪ್ಪ ಇದಕ್ಕೇ ತಾನೆ ಎದರ್ತಿದ್ದಿದ್ದು?”

ಬೈರಮ್ಮ ಇನ್ನೊಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಮಂಚಮ್ಮ ಚಾಪೆ ತಂದು ಹಾಸಿದಳು. ಹೊತ್ತವರು ಬಗ್ಗಿದರು.

“ತಡೀರಿ,” ಎಂದಳು ಬೈರಮ್ಮ. ಮತ್ತೆ ಬಾಗಿಲ ಕಡೆ ತಿರುಗಿ ಕೂಗಿದಳು: “ಚಿಲ್ಕ ಹಾಕ್ಕೊಳವ್ವ!”

ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸುವ ತನಕ ಹೆಣ ಹೊತ್ತ ನಾಲ್ವರನ್ನೂ ಅವಳು ಹಾಗೇ ನಿಲ್ಲಿಸಿಕೊಂಡಿದ್ದಳು.